ಸೈಬರ್ ಸೆಕ್ಯೂರಿಟಿಯಲ್ಲಿ ಹೆಣ್ಮಕ್ಕಳು: ನೈಟ್ ಶಿಫ್ಟ್ ಒಂದೇ ಬಾಗಿಲಲ್ಲ

ನಾಗಪುರದ ಮನೀಶ್ ನಗರದಿಂದ ಮಾತಾಡ್ತಿದ್ದೀನಿ. ಇಲ್ಲಿಂದ ಮಿಹಾನ್‌ಗೆ ಕೆಲಸಕ್ಕೆ ಹೋಗುವ ನಮ್ಮ ಕನ್ನಡದವರು ಆಗಾಗ ಕೇಳುವ ಪ್ರಶ್ನೆ ಇದು: "ಹೆಂಡತಿ ಬೆಂಗಳೂರಲ್ಲಿ ಟೆಸ್ಟಿಂಗ್‌ನಲ್ಲಿದ್ದಳು, ಊರು ಬದಲಾದ ಮೇಲೆ ಕೆಲಸ ಬಿಟ್ಟಳು. ಈಗ ಸೈಬರ್ ಸೆಕ್ಯೂರಿಟಿಗೆ ಬರಬಹುದಾ?" ಖಂಡಿತ ಬರಬಹುದು. ಆದರೆ ಯಾವ ಬಾಗಿಲಿಂದ ಅನ್ನೋದು ಮುಖ್ಯ.

ಮೊದಲು ಒಂದು ಲೆಕ್ಕ. ಐಎಸ್‌ಸಿ2 ಸಂಸ್ಥೆಯ 2017ರ ವರದಿ ಪ್ರಕಾರ ಜಗತ್ತಿನ ಈ ಕ್ಷೇತ್ರದಲ್ಲಿ ಮಹಿಳೆಯರು ಶೇ. 11. 2019ರ ವರದಿಯಲ್ಲಿ ಅದು ಶೇ. 24. ಎರಡೇ ವರ್ಷದಲ್ಲಿ ಇಷ್ಟು ಜಿಗಿತನಾ? ಎಣಿಸುವ ರೀತಿಯೂ ಬದಲಾಗಿತ್ತು. ಕೆಲಸದ ಸಮಯದಲ್ಲಿ ಕಾಲು ಭಾಗವನ್ನಾದರೂ ಸೆಕ್ಯೂರಿಟಿಗೆ ಕೊಡುವ ಐಟಿಯವರನ್ನೂ ಸೇರಿಸಿಕೊಂಡಿದ್ದರು. ಅಂದ್ರೆ ಡೆಸಿಗ್ನೇಷನ್‌ನಲ್ಲಿ ಸೆಕ್ಯೂರಿಟಿ ಅಂತ ಇಲ್ಲದೆಯೂ ಈ ಕೆಲಸ ಮಾಡ್ತಿದ್ದ ಹೆಣ್ಮಕ್ಕಳು ಆಗ ಲೆಕ್ಕಕ್ಕೆ ಬಂದ್ರು.

ಫ್ರೆಶರ್‌ಗಳಿಗೆ ಸಾಮಾನ್ಯವಾಗಿ ತೆರೆಯುವ ಬಾಗಿಲು ಎಸ್‌ಓಸಿ, ಅಂದರೆ 24 ಗಂಟೆ ಅಲರ್ಟ್ ನೋಡುವ ಕೋಣೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಲೇಬೇಕು. ಹಾಗಾಗಿ ರಾತ್ರಿ ಪಾಳಿ ತಪ್ಪಲ್ಲ. ಮಗುವಾದ ಮೇಲೆ ಈ ರೋಸ್ಟರ್ ಹೊಂದಿಸಲಾಗದೆ ಕೆಲಸ ಬಿಟ್ಟರೆ, ಕಲಿತ ವಿದ್ಯೆಯೆಲ್ಲ ಅಲ್ಲೇ ನಿಲ್ಲುತ್ತೆ.

ಬೇರೆ ಬಾಗಿಲುಗಳೂ ಇವೆ. ತಪ್ಪು ಇನ್‌ಪುಟ್ ಕೊಟ್ಟು ಆ್ಯಪ್ ಮುರಿಯೋದು ಟೆಸ್ಟರ್‌ಗೆ ಹೊಸದಲ್ಲ. ಓವಾಸ್ಪ್ ಟಾಪ್ 10 ಓದಿ, ಬರ್ಪ್ ಸೂಟ್ ಕಲಿತರೆ ಅಪ್ಲಿಕೇಷನ್ ಸೆಕ್ಯೂರಿಟಿ ಹತ್ತಿರ. ಡಾಕ್ಯುಮೆಂಟೇಷನ್, ಪ್ರೋಸೆಸ್ ಗೊತ್ತಿರೋರಿಗೆ ಐಎಸ್‌ಓ 27001 ಆಡಿಟ್ ಇದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆಯಿಂದ ಪ್ರೈವಸಿ ಕೆಲಸವೂ ಹುಟ್ಟಿದೆ. ಇವು ಬಹುತೇಕ ಹಗಲಿನ ಕೆಲಸಗಳು.

ತರಬೇತಿಗೆ ಬಂದರೆ, ಮೈಕ್ರೋಸಾಫ್ಟ್ ಮತ್ತು ಡಿಎಸ್‌ಸಿಐ 2018ರಲ್ಲಿ ಎಂಜಿನಿಯರಿಂಗ್ ಓದಿದ ಹೆಣ್ಮಕ್ಕಳಿಗಾಗಿಯೇ 'ಸೈಬರ್ ಶಿಕ್ಷಾ' ಶುರು ಮಾಡಿದವು. ಕರ್ನಾಟಕ ಸರ್ಕಾರದ ಸೈಸೆಕ್ ಕೇಂದ್ರಕ್ಕೆ ಬೆಂಗಳೂರಿನ ಐಐಎಸ್‌ಸಿ ಆಸರೆ. ಇಂಥ ಕಡೆ ಹೊಸ ಬ್ಯಾಚ್ ಯಾವಾಗ ಅಂತ ನೋಡ್ತಾ ಇರಿ.

ಆದರೆ ಕೋರ್ಸ್ ಒಂದರಿಂದಲೇ ಆಗಲ್ಲ. 2017ರ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ತಂದಿತು, 50 ಮಂದಿ ಇರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ರಜೆ ಮುಗಿಸಿ ಬಂದವಳಿಗೆ ಹಳೇ ಅಲರ್ಟ್ ಕ್ಯೂನೇ ಕೊಡೋದಾ, ಮುಂದಿನ ಹಂತದ ತನಿಖೆ ಕೊಡೋದಾ ಅನ್ನೋದನ್ನ ಮಾತ್ರ ಯಾವ ಕಾನೂನೂ ಹೇಳಲ್ಲ. ಅದು ಟೀಮ್ ಲೀಡ್ ಕೈಲಿದೆ. ನಮ್ಮಲ್ಲಿ ಎಷ್ಟೋ ಜನ ಈಗ ಲೀಡ್‌ಗಳೇ, ಅಲ್ವಾ? ರೋಸ್ಟರ್ ಒಂದು ತಿಂಗಳು ಮೊದಲೇ ಹಾಕಿ. ರಾತ್ರಿ ಪಾಳಿ ಮಾಡದವರ ಪ್ರಮೋಷನ್ ತಡೀಬೇಡಿ. ದೊಡ್ಡ ಇನ್ಸಿಡೆಂಟ್ ಬಂದಾಗ ಅವಳ ಹೆಸರೂ ಹೇಳಿ.

ಮನೆಯಲ್ಲಿ? ಅವಳು ಓದುವ ಎರಡು ಗಂಟೆ ಮಗು, ಅಡುಗೆ ನಿಮ್ಮ ಪಾಳಿ. ಅದನ್ನೂ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.