ಮುಗಿಯಿತೋ, ನಿಂತಿತೋ?

ದುಬೈಯ ನೈಫ್ ರಸ್ತೆಯಿಂದ ಒಳಕ್ಕೆ ಸರಿದ ಗಲ್ಲಿಯೊಂದರಲ್ಲಿ, ಕೆಳಗೆ ಜವಳಿಯ ಸಗಟು ಅಂಗಡಿಯೂ ಮೇಲೆ ಬೆಡ್‌ಸ್ಪೇಸಿನ ಕೋಣೆಗಳೂ ಇರುವ ಹಳೆಯ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ, ನನ್ನ ಸೋದರಳಿಯನು ಇನ್ನೂ ಮೂವರೊಡನೆ ವಾಸವಾಗಿದ್ದಾನೆ. ಪುತ್ತೂರಿನ ಕಡೆಯಿಂದ ಬಂದು ಮೊಬೈಲ್ ಅಂಗಡಿಯಲ್ಲಿ ದುಡಿಯುತ್ತಿರುವ ಈ ಹುಡುಗನಿಗೆ ವಾರಕ್ಕೆ ಒಂದೇ ದಿನದ ಬಿಡುವು. ಆ ಬಿಡುವಿನ ಹಿಂದಿನ ರಾತ್ರಿ, ಎರಡಂತಸ್ತಿನ ಕಬ್ಬಿಣದ ಮಂಚದ ಕೆಳಹಾಸಿನ ಮೇಲೆ ಕುಳಿತು, ಮೇಲೆ ಮಲಗಿದವನ ನಿದ್ರೆಗೆ ಭಂಗ ಬಾರದಂತೆ ಹೆಡ್‌ಫೋನು ಹಾಕಿಕೊಂಡು, ಹಳೆಯ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಗೇಮ್ ಆಡುವುದು ಅವನ ವಿನೋದ. ಕಳೆದ ತಿಂಗಳು ನಾನು ಅಲ್ಲಿಗೆ ಹೋಗಿದ್ದಾಗ ಅವನು ಉಚಿತವಾಗಿ ದೊರೆತ ‘ಪ್ರೊಲಾಗ್’ (ಎಂದರೆ ಪೀಠಿಕೆ) ಒಂದನ್ನು ಆಡುತ್ತಿದ್ದನು. ಪಾಳುಬಿದ್ದ ಮನೆಯನ್ನು ಕೊಂಡು, ಕಸ ಗುಡಿಸಿ, ಗೋಡೆಗೆ ಬಣ್ಣ ಬಳಿದು, ವಾಸಯೋಗ್ಯವಾಗಿ ಮಾಡುವುದು ಆ ಆಟದ ವಸ್ತು. ಮೂರು ಗೋಡೆಗಳಿಗೆ ಬಣ್ಣವಾಗಿ ನಾಲ್ಕನೆಯದಕ್ಕೆ ಕುಂಚವನ್ನು ಅದ್ದುವಷ್ಟರಲ್ಲಿ ಪರದೆ ಕಪ್ಪಾಯಿತು. ಪೂರ್ಣ ಆಟವನ್ನು ಕೊಳ್ಳಿರೆಂಬ ಒಕ್ಕಣೆ ಮೂಡಿತು. ಹುಡುಗನು ಹೆಡ್‌ಫೋನನ್ನು ಕೆಳಗಿಳಿಸಿ, “ಮಾವ, ಇದು ಮುಗಿಯಿತೋ, ನಿಂತಿತೋ?” ಎಂದು ಕೇಳಿದನು.

ಉಚಿತ ಪ್ರೊಲಾಗ್‌ಗಳೆಂಬುವು ನಿಜಕ್ಕೂ ಪ್ರೊಲಾಗ್‌ಗಳೇ, ಅಥವಾ ಹೆಸರು ಬದಲಿಸಿಕೊಂಡ ಡೆಮೊಗಳೇ, ಎಂದರೆ ಬರಿಯ ಮಾದರಿಗಳೇ, ಎಂಬ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಪೀಠಿಕೆಯ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಯಕ್ಷಗಾನದ ಆಟವಿರುವ ಊರಿನಲ್ಲಿ ಸಂಜೆಯಾಗುತ್ತಲೇ ಚೆಂಡೆಮದ್ದಳೆಗಳಿಂದ ಕೇಳಿ ಬಾರಿಸುತ್ತಾರೆ. ಇಂದು ಇಲ್ಲಿ ಆಟವುಂಟು, ಬನ್ನಿರೆಂದು ಸುತ್ತಣ ಹಳ್ಳಿಗಳಿಗೆ ಸಾರುವುದಷ್ಟೇ ಅದರ ಕಾರ್ಯ. ರಂಗಸ್ಥಳದಲ್ಲಿ ಅನಂತರ ನಡೆಯತಕ್ಕ ಪೂರ್ವರಂಗವಾದರೋ ಬೇರೆಯೇ ಒಂದು ಸೃಷ್ಟಿ. ಕೋಡಂಗಿಗಳು ಬಂದು ಕುಣಿದು ಹೋಗುವರು, ಬಾಲಗೋಪಾಲರು ಬರುವರು, ಷಣ್ಮುಖಸುಬ್ರಾಯ, ಅರ್ಧನಾರೀಶ್ವರ, ಪೀಠಿಕೆಯ ಸ್ತ್ರೀವೇಷ ಎಂದು ತೆಂಕುತಿಟ್ಟಿನಲ್ಲಿ ಒಂದೊಂದಕ್ಕೂ ಅದರದರ ಹಾಡು, ತಾಳ, ಹೆಜ್ಜೆಗಳುಂಟು, ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗರು ಕಾಲು ಗಟ್ಟಿಮಾಡಿಕೊಳ್ಳುವುದು ಈ ವೇಷಗಳಲ್ಲಿಯೇ. ಆ ರಾತ್ರಿಯ ಪ್ರಸಂಗದ ಕಥೆಯ ಒಂದು ತುಣುಕೂ ಪೂರ್ವರಂಗದಲ್ಲಿ ಇಲ್ಲವೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಅದು ಪ್ರಸಂಗದಿಂದ ಕತ್ತರಿಸಿ ತೆಗೆದ ಚೂರಲ್ಲ, ಪ್ರೇಕ್ಷಕನ ಮನಸ್ಸನ್ನು ಹದಗೊಳಿಸಲೆಂದು ಬೇರೆಯಾಗಿಯೇ ರಚಿತವಾದದ್ದು. ಕಾಲಮಿತಿಯ ಪ್ರದರ್ಶನಗಳಲ್ಲಿ ಅದನ್ನು ಮೊಟಕುಗೊಳಿಸುವುದನ್ನು ಕಂಡಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಕೇಳಿಗೂ ಪೂರ್ವರಂಗಕ್ಕೂ ಹೊರತಾದುದು ಮಾದರಿ. ನೈಫಿನಿಂದ ಚಿನ್ನದ ಮಾರುಕಟ್ಟೆಯ ಕಡೆಗೆ ನಡೆದು ಹೋಗುವಾಗ ಅತ್ತರಿನ ಅಂಗಡಿಯವನು ಕೈಹಿಡಿದು ನಿಲ್ಲಿಸಿ, ಗಾಜಿನ ಕಡ್ಡಿಯಿಂದ ಮುಂಗೈಯ ಮೇಲೆ ಒಂದು ತೊಟ್ಟು ಸವರುತ್ತಾನೆ. ಆ ತೊಟ್ಟಿನಲ್ಲಿರುವ ಪರಿಮಳವೇ ಸೀಸೆಯಲ್ಲಿಯೂ ಇರುವುದು. ಅನ್ನ ಬೆಂದಿತೋ ಎಂದು ಅರಿಯಲು ಒಂದಗುಳನ್ನು ಹಿಸುಕಿ ನೋಡುವಂತೆ, ಅಂಶದಿಂದ ಸಮಗ್ರವನ್ನು ತಿಳಿಯಬಹುದಾದ ವಸ್ತುಗಳಿಗೆ ಮಾದರಿ ಅತ್ಯಂತ ಪ್ರಾಮಾಣಿಕವಾದ ಉಪಾಯ. ಮನೆ ರಿಪೇರಿ ಮಾಡುವ, ಕೊಳೆ ತೊಳೆಯುವ, ಅಂಗಡಿ ನಡೆಸುವ ಆಟಗಳು ಈ ಬಗೆಯವು. ಒಂದು ಗೋಡೆಗೆ ಬಣ್ಣ ಬಳಿದವನಿಗೆ ನೂರು ಗೋಡೆಗಳ ಸುಖವೂ ಬೇಸರವೂ ಗೊತ್ತಾಗುತ್ತವೆ. ಇಂಥವುಗಳಿಗೆ ಡೆಮೊ ಎಂಬ ಹೆಸರು ಸಾಲದೆ ಪ್ರೊಲಾಗ್ ಎಂದು ಏಕೆ ಕರೆದರು?

ಕಾರಣವು ಅಂಗಡಿಯ ಕಟ್ಟಳೆಯಲ್ಲಿದೆ. ಕಂಪ್ಯೂಟರ್ ಆಟಗಳ ಬಹುದೊಡ್ಡ ಪೇಟೆಯಾದ ವಾಲ್ವ್ ಸಂಸ್ಥೆಯ ಸ್ಟೀಮ್‌ನಲ್ಲಿ, ಬಹುಕಾಲ, ಡೆಮೊ ಎಂಬುದು ಮೂಲ ಆಟದ ಪುಟದಲ್ಲಿ ಒಂದು ಗುಂಡಿಯಾಗಿ ಮಾತ್ರ ಇರುತ್ತಿತ್ತು. ಅದಕ್ಕೆ ಸ್ವಂತ ವಿಮರ್ಶೆಗಳಿರಲಿಲ್ಲ. ಅದೇ ತುಣುಕನ್ನು ಪ್ರೊಲಾಗ್ ಎಂಬ ಹೆಸರಿನಿಂದ ಪ್ರತ್ಯೇಕವಾದ ಉಚಿತ ಆಟವೆಂದು ದಾಖಲು ಮಾಡಿದರೆ, ಅದಕ್ಕೆ ತನ್ನದೇ ಪುಟ, ತನ್ನದೇ ವಿಮರ್ಶೆಗಳು, ಉಚಿತ ಆಟಗಳ ಪಟ್ಟಿಯಲ್ಲಿ ತನ್ನದೇ ಸ್ಥಾನ ದೊರೆಯುತ್ತಿದ್ದುವು. ಅಲ್ಲಿಗೆ ಬಂದವರು ಮುಂದೆ ಬರಲಿರುವ ಆಟವನ್ನು ವಿಶ್‌ಲಿಸ್ಟಿಗೆ ಸೇರಿಸಿ ಹೋಗುತ್ತಿದ್ದರು. ಜಾಹೀರಾತಿಗೆ ಹಣವಿಲ್ಲದ ಸಣ್ಣ ತಯಾರಕರು ಈ ದಾರಿ ಹಿಡಿದದ್ದನ್ನು ನಾನು ಅಪರಾಧವೆನ್ನಲಾರೆ. 2024ರ ಜುಲೈಯಲ್ಲಿ ವಾಲ್ವ್ ಸಂಸ್ಥೆಯು ಕಟ್ಟಳೆಯನ್ನು ಬದಲಿಸಿ, ಡೆಮೊಗಳಿಗೂ ಪ್ರತ್ಯೇಕ ಪುಟವನ್ನೂ ವಿಮರ್ಶೆಗಳನ್ನೂ ಪಡೆಯುವ ಅವಕಾಶ ಕಲ್ಪಿಸಿತು. ಅಂದಿನಿಂದ ಈ ವೇಷಾಂತರದ ಅಗತ್ಯ ಬಹುಮಟ್ಟಿಗೆ ತೀರಿತು. ಹೆಸರು ಮಾತ್ರ ಇನ್ನೂ ಉಳಿದಿದೆ.

ಹಿಂದಿನ ಕಾಲದಲ್ಲಿ ಈ ಗೊಂದಲವಿರಲಿಲ್ಲ. 1993ರ ಡಿಸೆಂಬರ್ 10ರಂದು ಐಡಿ ಸಾಫ್ಟ್‌ವೇರ್ ಸಂಸ್ಥೆಯು ‘ಡೂಮ್’ ಎಂಬ ಆಟವನ್ನು ಹೊರತಂದಾಗ, ಅದರ ಮೂರು ಕಾಂಡಗಳಲ್ಲಿ ಮೊದಲನೆಯದನ್ನು, ಒಂಬತ್ತು ಹಂತಗಳ ಸಹಿತವಾಗಿ, ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದೆಂದು ಬಿಟ್ಟುಕೊಟ್ಟಿತು. ಉಳಿದೆರಡಕ್ಕೆ ಮಾತ್ರ ಹಣ. ಬೇಡವೆನಿಸಿದವನು ಬಾಲಕಾಂಡವನ್ನಷ್ಟೇ ಓದಿ ಪುಸ್ತಕ ಮಡಿಸಿಟ್ಟವನಂತೆ ತೃಪ್ತನಾಗಿ ಇರಬಹುದಾಗಿತ್ತು. 1999ರಲ್ಲಿ ‘ಹಾಫ್-ಲೈಫ್’ ಆಟಕ್ಕೆ ಬಂದ ‘ಅಪ್‌ಲಿಂಕ್’ ಎಂಬ ಡೆಮೊದಲ್ಲಿಯಂತೂ ಮೂಲ ಆಟದಲ್ಲಿಲ್ಲದ ಹೊಸ ಸನ್ನಿವೇಶಗಳನ್ನೇ ರಚಿಸಿ ಕೊಟ್ಟರು. ಈಚೆಗೆ, 2023ರ ಜೂನ್‌ನಲ್ಲಿ, ‘ಫೈನಲ್ ಫ್ಯಾಂಟಸಿ 16’ರ ಮೊದಲ ಎರಡು ಗಂಟೆಗಳ ಕಥೆಯನ್ನು, ಆಡಿದಷ್ಟೂ ಪೂರ್ಣ ಆಟದಲ್ಲಿ ಮುಂದುವರಿಯುವಂತೆ, ಉಚಿತವಾಗಿ ಕೊಟ್ಟವರು ಅದನ್ನು ಡೆಮೊ ಎಂದೇ ಕರೆದರು. ಪೀಠಿಕೆಯೆಂಬ ಹೆಸರಿಗೆ ನಿಜವಾಗಿ ಅರ್ಹವಾದುವು ಆ ಹೆಸರನ್ನು ಕೇಳದೆ ಸುಮ್ಮನಿದ್ದುವು. ನಾಲ್ಕನೆಯ ಗೋಡೆಯ ಮುಂದೆ ಕುಂಚವನ್ನು ಕಸಿದುಕೊಳ್ಳುವಂಥವು ಅದನ್ನು ಹಣೆಯ ಮೇಲೆ ಬರೆದುಕೊಂಡುವು.

ಹೆಸರಿನಲ್ಲಿ ಏನಿದೆಯೆಂದು ಕೇಳುವವರಿಗೆ ನಾನು ನನ್ನ ಅಳಿಯನ ಆ ರಾತ್ರಿಯನ್ನು ತೋರಿಸುತ್ತೇನೆ. ಉಚಿತವೆಂದರೆ ದಿರ್ಹಮ್ ಕೊಡಬೇಕಾಗಿಲ್ಲವೆಂದಷ್ಟೇ ಅರ್ಥ. ಆರು ದಿನ ಗಿರಾಕಿಗಳ ಮುಂದೆ ನಿಂತು ಕಾಲು ಊದಿಸಿಕೊಂಡವನ ಪಾಲಿಗೆ ಆ ರಾತ್ರಿಯ ಮೂರು ಗಂಟೆಗಳೇ ವಾರದ ಸಮಸ್ತ ಐಶ್ವರ್ಯ. ಮಾದರಿಯೆಂದು ಹೇಳಿದ್ದರೆ ಅವನು ಹತ್ತು ನಿಮಿಷ ನೋಡಿ, ರುಚಿ ತಿಳಿದು, ಏಳುತ್ತಿದ್ದನು. ಪ್ರೊಲಾಗ್ ಎಂದುದರಿಂದ ಒಂದು ಕೃತಿಯನ್ನು ಆಡಿ ಮುಗಿಸುವೆನೆಂಬ ನಂಬಿಕೆಯಿಂದ ನಿದ್ದೆಗೆಟ್ಟು ಕುಳಿತನು.

ಪೀಠಿಕೆಯು ತನ್ನಷ್ಟಕ್ಕೆ ನಿಲ್ಲಬಲ್ಲುದಾದರೆ ಅದರ ಬಲ ಎಷ್ಟೆಂಬುದಕ್ಕೆ ಎರಡು ನಿದರ್ಶನಗಳು ನನ್ನ ಮನಸ್ಸಿನಲ್ಲಿ ನಿಂತಿವೆ. 2014ರ ಆಗಸ್ಟಿನಲ್ಲಿ ‘ಪಿ.ಟಿ.’ ಎಂಬ ಉಚಿತ ಆಟವೊಂದು ಪ್ಲೇಸ್ಟೇಷನ್ 4ಕ್ಕೆ ಬಂದಿತು. ಒಂದು ಮನೆಯ ಮೂಲೆ ತಿರುಗಿದ ಓಣಿ. ಕೊನೆಯ ಬಾಗಿಲನ್ನು ದಾಟಿದರೆ ಮತ್ತೆ ಅದೇ ಓಣಿ. ಪ್ರತಿ ಸುತ್ತಿಗೂ ಏನೋ ಒಂದು ಸ್ವಲ್ಪ ಬದಲಾಗಿರುವುದು. ಯಾವುದರ ಮುನ್ನುಡಿಯಾಗಿ ಅದು ಬಂದಿತೋ ಆ ‘ಸೈಲೆಂಟ್ ಹಿಲ್ಸ್’ ಆಟವು 2015ರ ಏಪ್ರಿಲ್‌ನಲ್ಲಿ ರದ್ದಾಯಿತು, ‘ಪಿ.ಟಿ.’ಯನ್ನೂ ಅಂಗಡಿಯಿಂದ ತೆಗೆದುಹಾಕಿದರು. ಗ್ರಂಥವೇ ಹುಟ್ಟದ ಮುನ್ನುಡಿಯನ್ನು ಆಟಗಾರರು ಇಂದಿಗೂ ನೆನೆಯುತ್ತಾರೆ. ಇನ್ನೊಂದು, 2018ರ ಜೂನ್‌ನಲ್ಲಿ ಬಂದ, ಕ್ಯಾಪ್ಟನ್ ಸ್ಪಿರಿಟ್ ಎಂಬ ಹುಡುಗನ ಕಥೆ. ‘ಲೈಫ್ ಈಸ್ ಸ್ಟ್ರೇಂಜ್ 2’ಕ್ಕೆ ಮೊದಲು ಅದೇ ಡೊಂಟ್‌ನಾಡ್ ತಂಡದವರು ಉಚಿತವಾಗಿ ಕೊಟ್ಟದ್ದು. ತಾಯಿಯನ್ನು ಕಳೆದುಕೊಂಡು, ಕುಡಿತಕ್ಕೆ ಬಿದ್ದ ತಂದೆಯೊಡನೆ ಹಿಮದ ನಡುವಣ ಮನೆಯಲ್ಲಿರುವ ಬಾಲಕನೊಬ್ಬನು ತನ್ನನ್ನು ಮಹಾವೀರನೆಂದು ಕಲ್ಪಿಸಿಕೊಂಡು ಒಂದು ದಿನವನ್ನು ಕಳೆಯುವುದಷ್ಟೇ ಅದರ ವಸ್ತು. ಕೊನೆಯಲ್ಲಿ ಮುಂದಿನ ಕಥೆಗೆ ಒಂದು ಬಾಗಿಲು ತೆರೆಯುವುದು ನಿಜ. ಆದರೂ ಆ ಹುಡುಗನ ದಿನವು ದಿನವಾಗಿಯೇ ತುಂಬಿಕೊಂಡಿದೆ, ಅವನ ದುಃಖವನ್ನು ತಿಳಿಯಲು ಹಣ ಕೊಟ್ಟು ಬೇರೇನನ್ನೂ ಕೊಳ್ಳಬೇಕಾದುದಿಲ್ಲ.

ಮರುವಾರ ಈ ಎರಡನೆಯ ಆಟವನ್ನೇ ಅಳಿಯನಿಗೆ ಹೇಳಿ ಆಡಿಸಿದೆ. ಸುಮಾರು ಎರಡು ಗಂಟೆಯ ಹೊತ್ತು ಅವನು ಮಾತಾಡಲಿಲ್ಲ. ಮೇಲಿನ ಹಾಸಿಗೆಯವನು ಎದ್ದು ನೀರು ಕುಡಿದು ಮತ್ತೆ ಮಲಗಿದ್ದೂ ಅವನಿಗೆ ತಿಳಿಯಲಿಲ್ಲ. ಎಲ್ಲ ಆದ ಮೇಲೆ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, “ಮಾವ, ಊರಲ್ಲಿ ಈಗ ಗಂಟೆ ಎಷ್ಟು?” ಎಂದನು. ಒಂದೂವರೆ ಕಳೆದಿದೆ, ಅಪ್ಪ ಮಲಗಿರುತ್ತಾನೆ, ಬೆಳಗ್ಗೆ ಮಾತಾಡು ಎಂದೆ.