ನಾಲ್ಕನೇ ಜ್ವರ ಎದ್ದ ಮೇಲೆ

ರೇಷ್ಮೆ ಹುಳುವಿಗೆ ಭಾನುವಾರವಿಲ್ಲ. ತಿ. ನರಸೀಪುರ ತಾಲ್ಲೂಕಿನ ಮೂಗೂರು ಕಡೆಯ ಹುಳು ಸಾಕುವ ಮನೆಗಳಲ್ಲಿ ಇದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳಬೇಕಿಲ್ಲ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ರೈತರ ಬಾಯಲ್ಲಿ ಅದು ಜ್ವರ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ಎದ್ದ ಹುಳುವನ್ನು ಹಸಿವಿನಲ್ಲಿ ಬಿಡುವಂತಿಲ್ಲ. ಒಂದು ಬೆಳೆ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ. ಹುಳು ಹಣ್ಣಾದ ದಿನ ಅಜ್ಜಿಯೂ ಐದನೇ ಕ್ಲಾಸಿನ ಮೊಮ್ಮಗನೂ ಒಟ್ಟಿಗೆ ಕೂತು ಹುಳು ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ.

ಮಕ್ಕಳಿಗೆ ದುಡಿಮೆಯ ಶಿಸ್ತು ಬರಲಿ ಎಂದು ಪಟ್ಟಣದ ಮನೆಗಳಲ್ಲಿ ಗೋಡೆಗೆ ಪಟ್ಟಿ ಅಂಟಿಸಿ, ಹಾಸಿಗೆ ಮಡಚಿದರೆ ಒಂದು ನಕ್ಷತ್ರ ಎಂದು ಲೆಕ್ಕ ಇಡುವುದುಂಟು. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ನಕ್ಷತ್ರ ಕೊಡುವುದು ಅಪ್ಪ, ಅಪ್ಪನನ್ನು ಪುಸಲಾಯಿಸಬಹುದು. ಹುಳುವಿನ ಹತ್ತಿರ ಅದು ನಡೆಯುವುದಿಲ್ಲ. ಸೊಪ್ಪು ತಪ್ಪಿದರೆ ಗೂಡು ಜಾಳಾಗುತ್ತದೆ, ಮಾರುಕಟ್ಟೆಯಲ್ಲಿ ರೇಟು ಬೀಳುತ್ತದೆ. ಯಾರೂ ಬೈಯದೆಯೇ ಹುಡುಗನಿಗೆ ವಿಷಯ ಗೊತ್ತಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಹಳ್ಳಿಯ ಹೊಗಳಿಕೆಯಾದೀತು. ಗೂಡು ಮನೆ ದಾಟಿದ ಮೇಲೆ ಇದೇ ರೇಷ್ಮೆಗೆ ಬೇರೆ ಚರಿತ್ರೆಯಿದೆ. ಸಾಲಕ್ಕೆ ಜೀತದಾಳುಗಳಾಗಿ ನೂಲು ಬಿಚ್ಚಾಣಿಕೆ, ಹುರಿ ಘಟಕಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಅದರಲ್ಲಿ ಕರ್ನಾಟಕವೂ ಇತ್ತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು, 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸಕ್ಕೆ, ಮನೆಯ ಕಸುಬಿಗೆ ನೆರವಾಗಬಹುದು ಎಂಬ ವಿನಾಯಿತಿಯೂ ಅದರಲ್ಲೇ ಇದೆ. ಈ ವಿನಾಯಿತಿ ಚಪ್ಪಲಿ ಹೊಲಿಯುವವನ ಮಗನನ್ನು ಚಪ್ಪಲಿಗೇ ಕಟ್ಟಿಹಾಕುತ್ತದೆ ಎಂಬ ಟೀಕೆಯನ್ನು ತಳ್ಳಿಹಾಕಲಾಗದು.

ನಂಜನಗೂಡು ತಾಲ್ಲೂಕಿನ ಬದನವಾಳುವಿಗೆ ಹೋದರೆ ಈ ಟೀಕೆ ಇನ್ನಷ್ಟು ತಟ್ಟುತ್ತದೆ. ಅಲ್ಲಿನ ಖಾದಿ ಕೇಂದ್ರದ ಕತೆ 1920ರ ದಶಕದ್ದು. ತಗಡೂರು ರಾಮಚಂದ್ರರಾಯರು ಈ ಸೀಮೆಯಲ್ಲಿ ಚರಕ ಹಬ್ಬಿಸಿದ ಕಾಲ. ಕೈಕೆಲಸದ ಮೂಲಕವೇ ಮಗು ಕಲಿಯಬೇಕೆಂದು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮನ್ನು ಮುಂದಿಟ್ಟರು. ನೂಲುವಾಗಲೇ ಲೆಕ್ಕ, ನೂಲುವಾಗಲೇ ಭೂಗೋಳ. ರಂಗಕರ್ಮಿ ಪ್ರಸನ್ನ 2015ರಲ್ಲಿ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಇದೇ ಊರನ್ನು. ಆದರೆ 1993ರಲ್ಲಿ, ದೇವಸ್ಥಾನ ಪ್ರವೇಶದ ಜಗಳದ ಬೆನ್ನಿಗೆ ಮೂವರು ದಲಿತರ ಕೊಲೆಯಾದದ್ದೂ ಇಲ್ಲೇ. ರಾಟೆ ಊರಿಗೆ ಬಂದ ಮಾತ್ರಕ್ಕೆ ಜಾತಿ ಊರು ಬಿಟ್ಟು ಹೋಗಲಿಲ್ಲ.

ಜಾತಿ ಶಾಲೆಯನ್ನೂ ಬಿಟ್ಟಿಲ್ಲ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗಿಳಿಸಿದ ಸುದ್ದಿ ಹೊರಬಿತ್ತು. ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸುವಂತಿಲ್ಲ ಎಂದು ಇಲಾಖೆ ಕಟ್ಟಪ್ಪಣೆ ಹೊರಡಿಸಿತು. ಸರಿಯಾದ ಆದೇಶವೇ. ಜಪಾನಿನ ಮಕ್ಕಳು ತಮ್ಮ ಕೊಠಡಿ ತಾವೇ ಗುಡಿಸುತ್ತಾರೆ ಎಂದು ಬೀಗುತ್ತಾ ವಿಡಿಯೊ ಹಂಚುವವರು ಒಂದನ್ನು ಮರೆಯುತ್ತಾರೆ: ಅಲ್ಲಿ ತರಗತಿಯ ಎಲ್ಲರೂ ಗುಡಿಸುತ್ತಾರೆ. ನಮ್ಮಲ್ಲಿ ಪೊರಕೆ ಯಾರ ಕೈಗೆ ಹೋಗುತ್ತದೆಂದು ಹಾಜರಿ ಪುಸ್ತಕ ನೋಡಿಯೇ ಹೇಳಬಹುದಾದ ಶಾಲೆಗಳು ಇನ್ನೂ ಇವೆ.

ದುಡಿಮೆಯನ್ನೇ ಪೂಜೆಯೆನ್ನುವ ಶರಣರ ಕಾಯಕದ ಮಾತು ಇದೇ ಸೀಮೆಯ ಸುತ್ತೂರಿನ ಜಾತ್ರೆಯಲ್ಲಿ ಹೇರಳವಾಗಿ ಕೇಳುತ್ತದೆ. ಅಕ್ಕಿ ಆಯ್ದು ಬದುಕುತ್ತಿದ್ದ ಶರಣೆ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ವಾಪಸು ಸುರಿದು ಬಾ ಎಂದು ಕಳಿಸಿದಳಂತೆ. ಎಷ್ಟು ಸಾಕು ಎಂಬುದೂ ಕಾಯಕದ ಭಾಗ. ಬೆಳಿಗ್ಗೆ ಟ್ಯೂಷನ್, ಆಮೇಲೆ ಶಾಲೆ, ಸಂಜೆ ಮತ್ತೆ ಕೋಚಿಂಗ್ ಎಂದು ಓಡುವ ಮಗುವಿಗೆ ನಾವು ಕಲಿಸುತ್ತಿರುವುದು ಶ್ರಮವನ್ನೋ ದಣಿವನ್ನೋ, ನನಗೆ ಅನುಮಾನವಿದೆ.

ಹುಳುಮನೆಯೂ ಬದಲಾಗಿದೆ. ಮರಿಹುಳು ಸಾಕುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ಬರುತ್ತದೆ, ಸೊಪ್ಪನ್ನು ಬಿಡಿಸದೆ ರೆಂಬೆ ಸಮೇತ ಹಾಕುತ್ತಾರೆ. ಮಕ್ಕಳ ಕೈ ಮೊದಲಿನಷ್ಟು ಬೇಕಾಗುವುದಿಲ್ಲ. ‘ನೀ ಓದ್ಕೊ ಮಗ, ಮಿಕ್ಕಿದ್ದು ನಾವ್ ನೋಡ್ಕತೀವಿ’ ಎನ್ನುವ ಅಪ್ಪಂದಿರ ಅಕ್ಕರೆ ಅರ್ಥವಾಗುವಂಥದ್ದೇ. ಆದರೆ ಈ ಮಾತು ಹೆಚ್ಚಾಗಿ ಮಗನಿಗೆ ಮಾತ್ರ. ಹಣ್ಣಾದ ಹುಳು ಆರಿಸಲು ಕೈ ಸಾಲದ ದಿನ ಕರೆ ಬರುವುದು ಅಕ್ಕನಿಗೆ. ಅವಳಿಗೂ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ.