ಅರ್ಧಕ್ಕೆ ನಿಂತ ಹಾಟ್ ರಾಡ್: ಲಾಭವೋ, ತಲೆನೋವೋ?

ಹಳೆಯ ಕಾರಿನ ಭಾರ ಇಳಿಸಿ, ಛಾವಣಿ ತಗ್ಗಿಸಿ, ಬಲವಾದ ಎಂಜಿನ್ ಕೂರಿಸಿ ಓಡಿಸುವ ಹಾಟ್ ರಾಡ್ ಹುಚ್ಚು 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ಬೆಳೆಯಿತು. 1932ರ ಫೋರ್ಡ್ ಇಂದಿಗೂ ಈ ಹವ್ಯಾಸಿಗಳ ಕಣ್ಮಣಿ. ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಅರ್ಧಕ್ಕೆ ನಿಂತ ಇಂಥ ಕಾರುಗಳು ಮಾರಾಟಕ್ಕೆ ಬಂದಾಗ ಕೆಲವರು ‘ಸಿಕ್ಕಿದ್ದೇ ಅದೃಷ್ಟ’ ಎನ್ನುತ್ತಾರೆ, ಕೆಲವರು ‘ಕೊಂಡರೆ ಕೆಟ್ಟೆ’ ಎನ್ನುತ್ತಾರೆ. ತಪ್ಪು ಕಲ್ಪನೆಗಳು ಎರಡೂ ಕಡೆ ಇವೆ.

ತಪ್ಪು ಕಲ್ಪನೆ: ಮುಕ್ಕಾಲು ಪಾಲು ಕೆಲಸ ಮುಗಿದಿದೆ, ಉಳಿದದ್ದು ಸಣ್ಣಪುಟ್ಟದ್ದು.

ಸತ್ಯ: ಗೋಡೆ ಎದ್ದು ಸೂರು ಕೂತ ಮನೆ ಮುಗಿದಂತೆಯೇ ಕಾಣುತ್ತದೆ, ಕೈ ಕಚ್ಚುವ ಖರ್ಚು ಆಮೇಲಿನದು. ಕಾರಿನಲ್ಲೂ ಅಷ್ಟೆ. ಬಾಡಿ, ಎಂಜಿನ್, ಚಕ್ರ ಕೂತಿದ್ದರೆ ಕಣ್ಣು ತುಂಬುತ್ತದೆ. ಆದರೆ ವೈರಿಂಗ್, ಬ್ರೇಕ್ ಪೈಪು, ಬಾಗಿಲ ಸಂದು, ಸೀಟು, ಬಣ್ಣ ಎಲ್ಲವೂ ಬಾಕಿ. ಛಾವಣಿ ತಗ್ಗಿಸಿದ್ದರೆ ಹಳೆಯ ಅಳತೆಯ ಗಾಜು ಕೂರುವುದಿಲ್ಲ, ಹೊಸದಾಗಿ ಕತ್ತರಿಸಿಯೇ ಹಾಕಿಸಬೇಕು. ಬಿಡಿಭಾಗಗಳನ್ನು ಬರೀ ಜೋಡಿಸಿ ನೋಡಿದ್ದಾಗಿದ್ದರೆ, ಬಣ್ಣಕ್ಕಾಗಿ ಮತ್ತೆ ನಟ್ಟುಬೋಲ್ಟು ಸಮೇತ ಬಿಚ್ಚಬೇಕು.

ತಪ್ಪು ಕಲ್ಪನೆ: ಮಾರುವವರ ಬಳಿ ಕಂತೆ ರಸೀದಿ ಇದೆ. ಅದರ ಅರ್ಧ ಬೆಲೆಗೆ ಸಿಕ್ಕರೆ ಲಾಭ.

ಸತ್ಯ: ರಸೀದಿ ಹೇಳುವುದು ಹೋದ ಹಣವನ್ನು, ಉಳಿದ ಮೌಲ್ಯವನ್ನಲ್ಲ. ಒಂದಕ್ಕೊಂದು ಹೊಂದದ ಬಿಡಿಭಾಗಗಳಿಗೂ ರಸೀದಿ ಇರುತ್ತದೆ. ಹೊಸ ಎಂಜಿನ್ ಕೂಡ ವರ್ಷಗಟ್ಟಲೆ ಚಾಲೂ ಆಗದೆ ಕೂತರೆ ಸೀಲುಗಳು ಒಣಗುತ್ತವೆ, ಗ್ಯಾರಂಟಿ ಅವಧಿಯೂ ಮುಗಿದಿರುತ್ತದೆ. ಕಾರು ಪೂರ್ತಿಯಾದ ಮೇಲೆ ಎಷ್ಟಕ್ಕೆ ಹೋದೀತು ಎಂದು ಮೊದಲು ಅಂದಾಜಿಸಿ, ಅದರಲ್ಲಿ ಬಾಕಿ ಕೆಲಸದ ಖರ್ಚು ಕಳೆದು, ಉಳಿದದ್ದರೊಳಗೆ ಚೌಕಾಸಿ ಮಾಡಬೇಕು.

ತಪ್ಪು ಕಲ್ಪನೆ: ಫೋರ್ಡ್ ಬಾಡಿಗೆ ಷೆವರ್ಲೆ ಎಂಜಿನ್ ಹಾಕಿದರೆ ಕಾರಿನ ಜಾತಿ ಕೆಟ್ಟಂತೆ.

ಸತ್ಯ: ಬೆರಕೆಯೇ ಹಾಟ್ ರಾಡ್‌ನ ಹುಟ್ಟುಗುಣ. ಫೋರ್ಡ್ 1932ರಲ್ಲಿ ಕೊಟ್ಟ ವಿ-8 ಎಂಜಿನ್ ಈ ಹವ್ಯಾಸವನ್ನು ಬೆಳೆಸಿತು. 1955ರಲ್ಲಿ ಬಂದ ಷೆವರ್ಲೆಯ ಚಿಕ್ಕ ವಿ-8 ಬಹುಬೇಗ ಅದರ ಜಾಗ ಹಿಡಿಯಿತು. ಹಳೆಯ ಶೈಲಿಯೇ ಬೇಕೆನ್ನುವವರು ಫೋರ್ಡ್ ಎಂಜಿನ್ನನ್ನೇ ಹುಡುಕುತ್ತಾರೆ, ಅದು ರುಚಿಯ ಮಾತು. ಕಾರನ್ನು ನಿಜವಾಗಿ ಕೆಡಿಸುವುದು ಒರಟು ವೆಲ್ಡಿಂಗ್, ಓರೆಯಾದ ಆಕ್ಸಲ್.

ತಪ್ಪು ಕಲ್ಪನೆ: 1932ರ ಫೋರ್ಡ್ ಎಂದರೆ ಬಾಡಿಯೂ ಆ ಕಾಲದ್ದೇ.

ಸತ್ಯ: ಅದೇ ಅಚ್ಚಿನ ಫೈಬರ್‌ಗ್ಲಾಸ್ ಬಾಡಿಗಳು ಬೇಕಾದಷ್ಟಿವೆ. ಓಹಾಯೋದ ಬ್ರೂಕ್‌ವಿಲ್ ಕಂಪನಿ ಉಕ್ಕಿನಲ್ಲೇ ಹೊಸ ಬಾಡಿ ಮಾಡುತ್ತದೆ. ಇವು ಕಳಪೆಯಲ್ಲ, ಆದರೆ ಹಳೆಯ ಅಸಲಿಯ ಬೆಲೆ ಕೊಡಬಾರದು. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇರಲಿ. ಫೈಬರ್‌ಗ್ಲಾಸ್‌ಗೆ ಅದು ಅಂಟುವುದೇ ಇಲ್ಲ. ಉಕ್ಕಿನ ಮೈಮೇಲೆ ಜಾರಿಸುತ್ತ ಹೋದಾಗ ಒಂದು ಕಡೆ ಹಿಡಿತ ಸಡಿಲಿದರೆ, ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದೇ ಅನುಮಾನಿಸಬೇಕು.

ತಪ್ಪು ಕಲ್ಪನೆ: ಕಾಗದಪತ್ರ ಆಮೇಲೆ ಮಾಡಿಸಿಕೊಂಡರಾಯಿತು.

ಸತ್ಯ: ತುಕ್ಕಿಗಿಂತ ದೊಡ್ಡ ಕಂಟಕ ಇದು. ಅಮೆರಿಕದಲ್ಲಿ ಮಾಲೀಕತ್ವದ ಪತ್ರದಲ್ಲಿರುವ ನಂಬರು ಕಾರಿನ ಮೇಲಿನ ನಂಬರಿಗೆ ತಾಳೆಯಾಗಬೇಕು. ಚಾಸಿಯನ್ನೇ ಬದಲಿಸಿದ್ದರೆ ಹಳೆಯ ನಂಬರು ಅದರೊಂದಿಗೇ ಹೋಗಿರುತ್ತದೆ. ನಿಯಮವೂ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸ್ವಂತ ನಿರ್ಮಾಣದ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ವಿಶೇಷ ರಿಯಾಯಿತಿ ಉಂಟು, ಆದರೆ ವರ್ಷಕ್ಕೆ 500 ಕಾರುಗಳಿಗೆ ಮಾತ್ರ.

ತಪ್ಪು ಕಲ್ಪನೆ: ಜಾಣರು ಅರೆಬರೆ ಕಾರಿನ ತಂಟೆಗೇ ಹೋಗುವುದಿಲ್ಲ.

ಸತ್ಯ: ಮಿರುಗುವ ಬಣ್ಣ ಎಷ್ಟೋ ಪಾಪಗಳನ್ನು ಮುಚ್ಚುತ್ತದೆ. ಬಣ್ಣ ಕಾಣದ ಕಾರಿನಲ್ಲಿ ಪ್ರತಿ ಬೆಸುಗೆಯೂ ಬೆತ್ತಲೆ. ಕೆಲಸ ಏಕೆ ನಿಂತಿತು ಎಂಬುದನ್ನು ಕೆದಕಿ ಕೇಳಿ. ವಯಸ್ಸು, ವಿಚ್ಛೇದನ, ಜಾಗದ ಕೊರತೆ ಕಾರಣವಾದರೆ ಕಾರಿನ ತಪ್ಪೇನಿಲ್ಲ. ಬಿಡಿಸಲಾಗದ ಸಮಸ್ಯೆಯೊಂದು ಎದುರಾಗಿ ನಿಂತಿದ್ದರೆ, ಹಣದ ಜೊತೆ ಅದೂ ಕೈ ಬದಲಾಯಿಸುತ್ತದೆ. ದಾಖಲೆ ಸರಿಯಿದ್ದು, ಚಾಸಿ ನೇರವಾಗಿದ್ದು, ವೆಲ್ಡಿಂಗ್ ಬಲ್ಲವರೊಬ್ಬರು ಅಡಿಗೆ ನುಸುಳಿ ನೋಡಿ ಹೂಂ ಎಂದರೆ ಮಾತ್ರ ಬೆಲೆಯ ಮಾತಿಗೆ ಕೂರಿ.